ಐವತ್ತರ ಹೊಸ್ತಿಲಿನ ಕಲಾವಿದೆಯ ಹೆಡ್‌ಶಾಟ್: ಆಯ್ಕೆ ಮತ್ತು ತಿದ್ದುಪಡಿಯ ಒಂದು ಪ್ರಕರಣ ಅಧ್ಯಯನ

ಈ ಅಧ್ಯಯನದಲ್ಲಿ ಬರುವ ಕಲಾವಿದೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರನ್ನು ಗುರುತಿಸಲು ಎಡೆಮಾಡಿಕೊಡಬಹುದಾದ ವಿವರಗಳನ್ನು ಕೈಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ಆದರೆ ಅವರು ಕೈಗೊಂಡ ನಿರ್ಧಾರಗಳ ಕ್ರಮವನ್ನೂ ಅವುಗಳ ಫಲವನ್ನೂ ಇದ್ದಂತೆಯೇ ಉಳಿಸಿಕೊಂಡಿದ್ದೇನೆ. ಕೊನೆಯ ಹಂತದ ಚಿತ್ರಗಳನ್ನು ಆಯ್ದು ತಿದ್ದುವ ಕೆಲಸದಲ್ಲಿ ನಾನು ಅವರ ಜೊತೆಗಿದ್ದೆ. ಅದಕ್ಕೂ ಮುಂಚಿನ ಸಂಗತಿಗಳು ಅವರ ಮಾತಿನಿಂದಲೂ ಅವರು ತೋರಿಸಿದ ಹಳೆಯ ಚಿತ್ರಗಳಿಂದಲೂ ತಿಳಿದಂಥವು.

ಹಿನ್ನೆಲೆ

ಕಲಾವಿದೆ ಎರಡು ದಶಕಗಳಿಗೂ ಹೆಚ್ಚು ಕಾಲ ರಂಗಭೂಮಿಯಲ್ಲಿ ದುಡಿದವರು. ನಡುವೆ ಮನೆಯ ಜವಾಬ್ದಾರಿಗಳಿಂದಾಗಿ ಕೆಲವು ವರ್ಷ ದೂರವಿದ್ದು, ನಲವತ್ತರ ಕೊನೆಯಲ್ಲಿ ಕ್ಯಾಮೆರಾದ ಮುಂದಿನ ಅಭಿನಯಕ್ಕೆ ತಿರುಗಿಕೊಂಡರು. ರಂಗಭೂಮಿಯಲ್ಲಿ ಅವರಿಗೆ ಹೆಡ್‌ಶಾಟ್‌ನ ಅಗತ್ಯ ಬಿದ್ದಿರಲೇ ಇಲ್ಲ. ಪಾತ್ರ ಕೊಡುವವರೆಲ್ಲರೂ ಅವರ ನಾಟಕಗಳನ್ನು ಕಂಡವರು, ಅವರ ದನಿಯನ್ನೂ ನಡೆಯನ್ನೂ ಬಲ್ಲವರು. ಕ್ಯಾಮೆರಾ ಮಾಧ್ಯಮದಲ್ಲಿ ಆ ಪರಿಚಯವೊಂದೂ ಕೆಲಸಕ್ಕೆ ಬರಲಿಲ್ಲ. ಅಲ್ಲಿ ಮೊದಲು ತಲುಪುವುದು ಮುಖದ ಒಂದು ಚಿತ್ರ. ಅದನ್ನು ನೋಡಿ ಯಾರಾದರೂ ಒಂದು ಕ್ಷಣ ತಡೆದು ನಿಂತರೆ ಮಾತ್ರ ಉಳಿದದ್ದು.

ಹೆಡ್‌ಶಾಟ್ ಎಂದರೆ ತಲೆಯಿಂದ ಭುಜದವರೆಗೆ, ಹೆಚ್ಚೆಂದರೆ ಎದೆಯವರೆಗೆ ಬರುವ ಚಿತ್ರ. ಮುದ್ರಿತ ಪ್ರತಿಗಳ ಕಾಲದಲ್ಲಿ 8 ಇಂಚು ಅಗಲ, 10 ಇಂಚು ಎತ್ತರದ ಹಾಳೆ ಇದರ ರೂಢಿಯ ಅಳತೆಯಾಗಿತ್ತು. ಈಗ ಕಾಸ್ಟಿಂಗ್ ಮಾಡುವವರು, ಅಂದರೆ ಪಾತ್ರಗಳಿಗೆ ಕಲಾವಿದರನ್ನು ಆರಿಸುವವರು, ಇದನ್ನು ಹೆಚ್ಚಾಗಿ ಪರದೆಯ ಮೇಲೆ, ಹತ್ತಾರು ಮುಖಗಳ ಸಾಲಿನಲ್ಲಿ, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡ ಗಾತ್ರದಲ್ಲಿ ನೋಡುತ್ತಾರೆ. ಅಳತೆ ಯಾವುದೇ ಇರಲಿ, ಈ ಚಿತ್ರಕ್ಕೆ ಎರಡು ಕೆಲಸಗಳಿವೆ: ನೋಡುವವರ ಕಣ್ಣನ್ನು ತಡೆಯುವುದು, ಮತ್ತು ಆಡಿಷನ್ನಿನ ಬಾಗಿಲಿನಿಂದ ಒಳಗೆ ಬರುವ ವ್ಯಕ್ತಿ ಯಾರು ಎಂಬುದನ್ನು ಮುಂಚಿತವಾಗಿ ಸರಿಯಾಗಿ ತಿಳಿಸುವುದು. ಮಧ್ಯವಯಸ್ಸಿನ ಕಲಾವಿದರ ಹೆಡ್‌ಶಾಟ್‌ಗಳಲ್ಲಿ ಮೊದಲನೆಯದಕ್ಕಾಗಿ ಎರಡನೆಯದನ್ನು ಬಲಿಗೊಡುವುದನ್ನು ನಾನು ಮೇಲಿಂದ ಮೇಲೆ ಕಂಡಿದ್ದೇನೆ. ಈ ಪ್ರಕರಣದ ಬೇರೂ ಅಲ್ಲಿಯೇ ಇತ್ತು.

ಸಮಸ್ಯೆ

ಅವರು ಬಳಸುತ್ತಿದ್ದದ್ದು ಏಳೆಂಟು ವರ್ಷ ಹಳೆಯದಾದ ಒಂದು ಚಿತ್ರ. ಸೌಂದರ್ಯ ಛಾಯಾಗ್ರಹಣದ ಬೆಳಕಿನಲ್ಲಿ ತೆಗೆದು, ಚರ್ಮವನ್ನು ನುಣುಪಾಗಿಸಿದ ಅಂದದ ಚಿತ್ರ ಅದು. ಅದನ್ನು ಕಳುಹಿಸಿದಾಗ ಕರೆಗಳು ಬರದೆ ಇರಲಿಲ್ಲ. ಆದರೆ ಬಂದ ಕರೆಗಳು ಹೆಚ್ಚಾಗಿ ಮೂವತ್ತೈದರ ಆಸುಪಾಸಿನ ಪಾತ್ರಗಳಿಗೆ: ನಾಯಕಿಯ ಅಕ್ಕ, ಶಾಲೆಗೆ ಹೋಗುವ ಮಗುವಿನ ತಾಯಿ, ಕಚೇರಿಯ ಸಹೋದ್ಯೋಗಿ. ಅವರು ಕೋಣೆಗೆ ಕಾಲಿಟ್ಟ ಕೂಡಲೇ ಮೇಜಿನ ಆಚೆ ಕುಳಿತವರು ಒಮ್ಮೆ ಪರದೆಯತ್ತ, ಒಮ್ಮೆ ಅವರತ್ತ ನೋಡುತ್ತಿದ್ದರು. ಒಂದು ಕಡೆ ಸಹಾಯಕರೊಬ್ಬರು ಮುಜುಗರದಿಂದಲೇ, ‘ಮೇಡಂ, ಈ ಫೋಟೊ ನಿಮ್ಮದೇನಾ?’ ಎಂದು ಕೇಳಿದ್ದರು. ಆ ಪ್ರಶ್ನೆಯ ನಂತರ ನಡೆದ ಅಭಿನಯವನ್ನು ಯಾರೂ ಸರಿಯಾಗಿ ನೋಡಲಿಲ್ಲವೆಂದು ಅವರಿಗೆ ಅನ್ನಿಸಿತ್ತು. ಅದು ಬರೀ ಅನಿಸಿಕೆಯಾಗಿರಲಾರದು. ಕಾಯುತ್ತಿದ್ದ ವ್ಯಕ್ತಿ ಬರಲಿಲ್ಲವೆಂಬ ಭಾವ ಒಮ್ಮೆ ಮೂಡಿದರೆ, ಬಂದವರ ಕಲೆಯನ್ನು ಅದರ ಪಾಡಿಗೆ ನೋಡುವುದು ಎಂಥವರಿಗೂ ಕಷ್ಟ.

ಇನ್ನೊಂದು ಕಡೆ, ಅವರ ವಯಸ್ಸಿಗೂ ಅನುಭವಕ್ಕೂ ಒಪ್ಪುವ ನ್ಯಾಯಾಧೀಶೆ, ವೈದ್ಯೆ, ಹಾಸ್ಟೆಲಿನ ವಾರ್ಡನ್, ಬೆಳೆದ ಮಕ್ಕಳ ತಾಯಿಯಂಥ ಪಾತ್ರಗಳಿಗೆ ಅವರನ್ನು ಯಾರೂ ನೆನೆಯುತ್ತಿರಲಿಲ್ಲ, ಏಕೆಂದರೆ ಚಿತ್ರದಲ್ಲಿದ್ದ ಹೆಂಗಸು ಆ ಪಾತ್ರಗಳಿಗೆ ತೀರಾ ಚಿಕ್ಕವಳು. ಒಟ್ಟಿನಲ್ಲಿ, ಕರೆ ಬಂದ ಪಾತ್ರಗಳು ಅವರಿಗೆ ಸಿಗುವಂಥವಲ್ಲ. ಸಿಗಬಹುದಾದ ಪಾತ್ರಗಳಿಗೆ ಕರೆಯೇ ಇಲ್ಲ. ಅವರು ಇದನ್ನು ಅರ್ಥಮಾಡಿಕೊಂಡದ್ದು ಬೇರೆ ರೀತಿಯಲ್ಲಿ: ತಾನು ಚಿತ್ರದಷ್ಟು ಚೆನ್ನಾಗಿ ಕಾಣುತ್ತಿಲ್ಲ, ಆದ್ದರಿಂದ ಸೋಲುತ್ತಿದ್ದೇನೆ ಎಂದು. ಮುಂದಿನ ಎರಡು ಪ್ರಯತ್ನಗಳೂ ಈ ತಿಳಿವಳಿಕೆಯಿಂದಲೇ ಹುಟ್ಟಿದವು.

ಮೊದಲು ಮಾಡಿದ್ದು

ಮೊದಲ ಪ್ರಯತ್ನದಲ್ಲಿ ಅವರು ಹೊಸ ಚಿತ್ರ ತೆಗೆಸಿದರು. ಆದರೆ ಹಳೆಯ ಚಿತ್ರದಂತೆಯೇ ಕಾಣಬೇಕೆಂದು ಕೇಳಿಕೊಂಡರು. ತಿದ್ದಿದವರು ಕೇಳಿದ್ದನ್ನು ಮಾಡಿಕೊಟ್ಟರು. ಹಣೆಯ ಗೆರೆಗಳು ಹೋದವು, ಮೂಗಿನ ಬದಿಯಿಂದ ಬಾಯಿಯ ಅಂಚಿಗಿಳಿಯುವ ಮಡಿಕೆ ಹೋಯಿತು, ಕೆನ್ನೆಯ ಕೆಳಭಾಗ ಒಳಕ್ಕೆ ಸರಿಯಿತು, ಕಣ್ಣುಗಳು ತುಸು ಹಿಗ್ಗಿದವು. ಕುತ್ತಿಗೆಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಆ ಚಿತ್ರವನ್ನು ನಾನು ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದೇ ಅದು: ಗಲ್ಲದ ಅಂಚಿನಲ್ಲಿ ಎರಡು ಬೇರೆ ವಯಸ್ಸುಗಳು ಒಂದಕ್ಕೊಂದು ತಾಗಿ ನಿಂತಿದ್ದವು. ಸಣ್ಣ ಗಾತ್ರದಲ್ಲಿ ನೋಡುವವರಿಗೆ ಏನು ತಪ್ಪಾಗಿದೆ ಎಂದು ಹೇಳಲು ಬರದಿದ್ದರೂ ಏನೋ ಸರಿಯಿಲ್ಲವೆಂದು ತಿಳಿಯುತ್ತಿತ್ತು. ಈ ಚಿತ್ರಕ್ಕೆ ಬಂದ ಕರೆಗಳು ಹಳೆಯದಕ್ಕಿಂತಲೂ ಕಡಿಮೆಯಾದವು.

ಇದರಿಂದ ನೊಂದ ಅವರು ಪೂರ್ತಿ ಎದುರು ದಿಕ್ಕಿಗೆ ತಿರುಗಿದರು. ಮೇಕಪ್ ಇಲ್ಲದೆ, ತಿದ್ದುಪಡಿಯಿಲ್ಲದೆ, ತಲೆಯ ಮೇಲಿನ ದೀಪದ ಬೆಳಕಿನಲ್ಲಿ, ಕೈ ಚಾಚಿ ಹಿಡಿದ ಮೊಬೈಲಿನಲ್ಲಿ ತಾವೇ ಚಿತ್ರ ತೆಗೆದುಕೊಂಡು, ‘ಇದೇ ನಿಜವಾದ ನಾನು’ ಎಂದು ಕಳುಹಿಸತೊಡಗಿದರು. ಈ ಧೈರ್ಯದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಚಿತ್ರವೂ ಅವರಂತಿರಲಿಲ್ಲ, ಮತ್ತು ಇದನ್ನು ಅವರಿಗೆ ಮನವರಿಕೆ ಮಾಡಿಕೊಡಲು ಸ್ವಲ್ಪ ಲೆಕ್ಕವನ್ನೇ ಹಾಕಿ ತೋರಿಸಬೇಕಾಯಿತು.

ಮುಖದ ಆಕಾರ ಚಿತ್ರದಲ್ಲಿ ಹೇಗೆ ಬರುತ್ತದೆ ಎಂಬುದನ್ನು ನಿರ್ಧರಿಸುವುದು ಕ್ಯಾಮೆರಾ ಎಷ್ಟು ದೂರದಲ್ಲಿದೆ ಎಂಬುದು. ಮೂಗಿನ ತುದಿಯಿಂದ ಕಿವಿಯವರೆಗಿನ ಆಳ ಸುಮಾರು 12 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಕ್ಯಾಮೆರಾ ಮೂಗಿನಿಂದ 48 ಸೆಂಟಿಮೀಟರ್ ದೂರದಲ್ಲಿದ್ದರೆ ಕಿವಿ ಅದಕ್ಕೆ 60 ಸೆಂಟಿಮೀಟರ್ ದೂರವಾಗುತ್ತದೆ. ಅಂದರೆ ಕಿವಿಗೆ ಹೋಲಿಸಿದರೆ ಮೂಗು ಕಾಲುಭಾಗದಷ್ಟು ಹಿಗ್ಗಿ ಮೂಡುತ್ತದೆ. ಅದೇ ಕ್ಯಾಮೆರಾ ಮೂಗಿನಿಂದ 2 ಮೀಟರ್ ದೂರಕ್ಕೆ ಸರಿದರೆ ಈ ವ್ಯತ್ಯಾಸ ನೂರಕ್ಕೆ ಆರರಷ್ಟಕ್ಕೆ ಇಳಿಯುತ್ತದೆ. ಆಡಿಷನ್ ಕೋಣೆಯಲ್ಲಿ ಜನ ನಮ್ಮನ್ನು ನೋಡುವುದು ಈ ಎರಡನೆಯ ದೂರದಿಂದ, ಅಥವಾ ಅದಕ್ಕೂ ಹೆಚ್ಚು ದೂರದಿಂದ. ಇದರ ಜೊತೆಗೆ ತಲೆಯ ಮೇಲಿನಿಂದ ಬೀಳುವ ಸಣ್ಣ, ಗಡುಸಾದ ಬೆಳಕು ಕಣ್ಣಿನ ಗುಳಿಗಳನ್ನು ಕಪ್ಪಾಗಿಸಿ, ಪ್ರತಿಯೊಂದು ಗೆರೆಗೂ ನೆರಳು ಕೊಟ್ಟು, ಇಪ್ಪತ್ತರ ಮುಖವನ್ನೂ ದಣಿದಂತೆ ತೋರಿಸಬಲ್ಲದು. ಐವತ್ತರ ಮುಖದಲ್ಲಿ ಅದು ಕಾಯಿಲೆಯಂತೆ ಕಾಣುತ್ತದೆ. ತಿದ್ದದೆ ಇರುವುದೇ ಪ್ರಾಮಾಣಿಕತೆ ಎಂದು ನಂಬಿದ್ದ ಅವರಿಗೆ ಈ ಮಾತು ಹಿಡಿಸಲಿಲ್ಲ. ಆದರೆ 2 ಮೀಟರ್ ದೂರದಿಂದ, ಕಿಟಕಿಯ ಬೆಳಕಿನಲ್ಲಿ, ಅದೇ ದಿನ, ಅದೇ ಮುಖದ ಒಂದು ಚಿತ್ರ ತೆಗೆದು ಪಕ್ಕದಲ್ಲಿಟ್ಟಾಗ ಅವರು ತುಂಬ ಹೊತ್ತು ಎರಡನ್ನೂ ನೋಡುತ್ತ ಕುಳಿತರು. ಎರಡರಲ್ಲೂ ಒಂದು ಚುಕ್ಕೆಯನ್ನೂ ತಿದ್ದಿರಲಿಲ್ಲ. ಪ್ರಕರಣದ ಮೊದಲ ತಿರುವು ಇದು: ಚರ್ಚೆ ‘ತಿದ್ದಬೇಕೋ ಬೇಡವೋ’ ಎಂಬಲ್ಲಿಂದ ‘ಕೋಣೆಗೆ ಬರುವ ನನ್ನನ್ನು ಯಾವ ಚಿತ್ರ ತೋರಿಸುತ್ತದೆ’ ಎಂಬಲ್ಲಿಗೆ ಬಂತು.

ಚಿತ್ರೀಕರಣಕ್ಕೆ ಮುಂಚಿನ ನಿರ್ಧಾರಗಳು

ಹೊಸ ಚಿತ್ರಗಳನ್ನು ತೆಗೆಸುವ ಮೊದಲು ಎರಡು ವಿಷಯಗಳು ತೀರ್ಮಾನವಾಗಬೇಕಿತ್ತು. ಮೊದಲನೆಯದು ಕೂದಲು. ಅವರು ಕೆಲವು ತಿಂಗಳು ಬಣ್ಣ ಹಚ್ಚುವುದನ್ನು ನಿಲ್ಲಿಸಿದ್ದರು. ಬೈತಲೆಯ ಎರಡೂ ಬದಿಗೆ ನರೆ ಇಣುಕುತ್ತಿತ್ತು, ತುದಿಗಳಲ್ಲಿ ಹಳೆಯ ಬಣ್ಣವಿತ್ತು. ‘ಈಗ ಹೀಗೇ ತೆಗೆಸೋಣ, ಬೇಕಾದರೆ ಆಮೇಲೆ ಕಂಪ್ಯೂಟರಿನಲ್ಲಿ ಕಪ್ಪು ಮಾಡಿ’ ಎಂಬುದು ಅವರ ಸಲಹೆಯಾಗಿತ್ತು. ಇದಕ್ಕೆ ಛಾಯಾಗ್ರಾಹಕರೂ ನಾನೂ ಒಪ್ಪಲಿಲ್ಲ. ಕೂದಲಿನ ಬಣ್ಣ ತಿದ್ದುವವರು ತೀರ್ಮಾನಿಸುವ ವಿಷಯವಾಗಕೂಡದು. ಚಿತ್ರದಲ್ಲಿರುವ ಕೂದಲನ್ನು ಹೊತ್ತುಕೊಂಡೇ ಅವರು ಮುಂದಿನ ಒಂದೆರಡು ವರ್ಷ ಆಡಿಷನ್ನುಗಳಿಗೆ ಹೋಗಬೇಕಾಗುತ್ತದೆ. ಬಣ್ಣ ಹಚ್ಚುವುದಾದರೆ ನಿಜವಾಗಿ ಹಚ್ಚಿ, ಹಾಗೆಯೇ ಕಾಪಾಡಿಕೊಳ್ಳಬೇಕು. ಬಿಡುವುದಾದರೆ ಬಣ್ಣದ ತುದಿಗಳನ್ನು ಕತ್ತರಿಸಿ ಬಿಡಬೇಕು. ಅವರು ಯೋಚಿಸಲು ಸಮಯ ತೆಗೆದುಕೊಂಡು, ಕೂದಲನ್ನು ಭುಜದ ಮೇಲಕ್ಕೆ ಕತ್ತರಿಸಿಕೊಂಡು, ನರೆಯನ್ನು ಉಳಿಸಿಕೊಂಡೇ ಬಂದರು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತ್ಯಂತ ಕಷ್ಟದ ನಿರ್ಧಾರ ಇದೇ ಆಗಿತ್ತು. ಅದನ್ನು ತೆಗೆದುಕೊಂಡದ್ದು ಅವರೊಬ್ಬರೇ.

ಎರಡನೆಯದು ಪಾತ್ರಗಳು. ‘ಚೆನ್ನಾಗಿ ಕಾಣಬೇಕು’ ಎಂಬ ಕೋರಿಕೆಯಿಂದ ಕ್ಯಾಮೆರಾದ ಮುಂದೆ ಏನೂ ಹುಟ್ಟುವುದಿಲ್ಲ. ಅವರು ಪಾತ್ರಗಳ ಒಂದು ಪಟ್ಟಿ ಬರೆದುಕೊಂಡು ಬಂದರು. ಮಾತಾಡುತ್ತ ಆಡುತ್ತ ಅದು ಮೂರು ಸ್ವಭಾವಗಳಿಗೆ ಇಳಿಯಿತು: ಅಧಿಕಾರವನ್ನು ಹೊತ್ತು ಅಭ್ಯಾಸವಿರುವ ಹೆಂಗಸು, ಜನ ತಮ್ಮ ಕಷ್ಟ ಹೇಳಿಕೊಳ್ಳಲು ಹುಡುಕಿಕೊಂಡು ಬರುವ ಹೆಂಗಸು, ಮತ್ತು ಎಲ್ಲವನ್ನೂ ಗಮನಿಸುತ್ತ ತನ್ನ ಮನಸ್ಸಿನಲ್ಲಿರುವುದನ್ನು ಬಿಟ್ಟುಕೊಡದ ಹೆಂಗಸು. ಉಡುಪು ಈ ಮೂರಕ್ಕೂ ಸಾದಾ ಆಗಿತ್ತು. ಕಣ್ಣನ್ನು ಎಳೆಯುವ ವಿನ್ಯಾಸವಾಗಲಿ ಹೊಳೆಯುವ ಆಭರಣವಾಗಲಿ ಇರಲಿಲ್ಲ.

ಛಾಯಾಗ್ರಹಣದ ವಿವರಗಳನ್ನು ಚುಟುಕಾಗಿ ಹೇಳುತ್ತೇನೆ. ಫುಲ್‌ಫ್ರೇಮ್ (ಹಳೆಯ 35 ಮಿಲಿಮೀಟರ್ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸಂವೇದಕವಿರುವ) ಕ್ಯಾಮೆರಾಕ್ಕೆ 85ರಿಂದ 135 ಮಿಲಿಮೀಟರ್‌ವರೆಗಿನ ಲೆನ್ಸ್ ಬಳಸಿದರೆ ಸುಮಾರು 2 ಮೀಟರ್ ದೂರದಲ್ಲಿ ನಿಂತು ತಲೆ ಮತ್ತು ಭುಜವನ್ನು ತುಂಬಬಹುದು. ಇಲ್ಲಿಯೂ ಹಾಗೆಯೇ ಮಾಡಿದರು. ಮುಖ್ಯ ಬೆಳಕು ದೊಡ್ಡದು, ಮೃದುವಾದದ್ದು, ಎದುರಿನಿಂದ ತುಸು ಬದಿಗೆ. ಗಲ್ಲದ ಕೆಳಗೆ ಹಿಡಿದ ಬಿಳಿಯ ಪ್ರತಿಫಲಕವನ್ನು ಮಾತ್ರ ಸ್ವಲ್ಪ ದೂರಕ್ಕೆ ಸರಿಸಿದರು, ಏಕೆಂದರೆ ಅದು ಹತ್ತಿರ ಬಂದಷ್ಟೂ ಗೆರೆಗಳು ಅಳಿಸಿ ಮುಖ ಚಪ್ಪಟೆಯಾಗುತ್ತಿತ್ತು. ಕತ್ತನ್ನು ಒಂದಿಷ್ಟು ಮುಂದಕ್ಕೆ ಚಾಚಿ ಗಲ್ಲವನ್ನು ಕೊಂಚ ಇಳಿಸಿದಾಗ ದವಡೆಯ ರೇಖೆ ತಾನಾಗಿ ಎದ್ದು ಬಂತು. ಆಮೇಲೆ ಕಂಪ್ಯೂಟರಿನಲ್ಲಿ ದವಡೆಯನ್ನು ಮುಟ್ಟುವ ಪ್ರಮೇಯವೇ ಬರಲಿಲ್ಲ. ಛಾಯಾಗ್ರಾಹಕರು ‘ನಗಿ’ ಎಂದು ಒಮ್ಮೆಯೂ ಹೇಳದೆ, ಅವರು ಆಡಿದ ಹಳೆಯ ಪಾತ್ರಗಳ ಬಗ್ಗೆ ಪ್ರಶ್ನೆ ಕೇಳುತ್ತ, ಉತ್ತರ ಹುಡುಕುವ ಹೊತ್ತಿನಲ್ಲಿ ಕ್ಲಿಕ್ಕಿಸುತ್ತಿದ್ದರು.

ಆಯ್ಕೆ

ನೂರಾರು ಚಿತ್ರಗಳಿಂದ ಮೂರನ್ನು ಆರಿಸಬೇಕಾಗಿ ಬಂದಾಗ ನಿಜವಾದ ತೊಡಕು ಎದುರಾಯಿತು. ಕಲಾವಿದೆ ತಮಗೆ ಇಷ್ಟವಾದವುಗಳನ್ನು ಗುರುತು ಹಾಕಿ ಕೊಟ್ಟರು; ಹೆಚ್ಚಿನವು ಮುಖವನ್ನು ಒಂದು ಬದಿಗೆ ತಿರುಗಿಸಿ, ತುಟಿ ಬಿಗಿಹಿಡಿದು, ಕ್ಯಾಮೆರಾಕ್ಕೆಂದೇ ಸಿದ್ಧರಾಗಿ ನಿಂತವು. ಮನೆಯವರು ಆರಿಸಿದ್ದು ಅಗಲವಾದ ನಗುವಿನವು; ಅವರಿಗೆ ಕಾಣಬೇಕಿದ್ದದ್ದು ತಮ್ಮವರ ಸಂತೋಷ. ಛಾಯಾಗ್ರಾಹಕರ ಪಟ್ಟಿ ಬೆಳಕು ಚೆನ್ನಾಗಿ ಬಿದ್ದವುಗಳದ್ದು. ಮೂರೂ ಪಟ್ಟಿಗಳಲ್ಲಿ ಸಮಾನವಾದ ಚಿತ್ರಗಳೇ ಇರಲಿಲ್ಲ ಎನ್ನಬಹುದು.

ಇಂಥ ಸಂದರ್ಭದಲ್ಲಿ ‘ಮುಖ ನಿಮ್ಮದು, ನೀವೇ ಆರಿಸಿ’ ಎಂದುಬಿಡುವುದು ಸುಲಭ. ಆದರೆ ತನ್ನ ಮುಖದ ವಿಷಯದಲ್ಲಿ ತಾನು ಒಳ್ಳೆಯ ತೀರ್ಪುಗಾರನಲ್ಲ ಎಂಬುದಕ್ಕೆ ಗಟ್ಟಿಯಾದ ಆಧಾರಗಳಿವೆ. ಡೇವಿಡ್ ವೈಟ್ ಮತ್ತು ಅವರ ಸಂಗಡಿಗರು 2017ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಜನ ತಮಗಾಗಿ ತಾವೇ ಆರಿಸಿಕೊಂಡ ಪ್ರೊಫೈಲ್ ಚಿತ್ರಗಳಿಗಿಂತ ಅಪರಿಚಿತರು ಅವರಿಗಾಗಿ ಆರಿಸಿದ ಚಿತ್ರಗಳೇ ನೋಡುವವರಲ್ಲಿ ಹೆಚ್ಚು ಒಳ್ಳೆಯ ಅಭಿಪ್ರಾಯ ಮೂಡಿಸಿದವು. ರಾಬ್ ಜೆಂಕಿನ್ಸ್ ಮತ್ತು ಸಂಗಡಿಗರ 2011ರ ಪ್ರಯೋಗ ಇನ್ನೂ ಬೆರಗು ಹುಟ್ಟಿಸುವಂಥದ್ದು. ಇಬ್ಬರೇ ವ್ಯಕ್ತಿಗಳ 40 ಚಿತ್ರಗಳನ್ನು, ಆ ಇಬ್ಬರ ಪರಿಚಯವಿಲ್ಲದವರ ಕೈಗೆ ಕೊಟ್ಟು, ವ್ಯಕ್ತಿಗೊಂದರಂತೆ ಗುಂಪು ಮಾಡಲು ಹೇಳಿದಾಗ, ಸಾಮಾನ್ಯವಾಗಿ ಏಳೆಂಟು ಗುಂಪುಗಳಾದವು. ಪರಿಚಿತರಿಗೆ ಒಂದೇ ಆಗಿ ಕಾಣುವ ಮುಖ ಅಪರಿಚಿತರಿಗೆ ಚಿತ್ರದಿಂದ ಚಿತ್ರಕ್ಕೆ ಬೇರೆ ವ್ಯಕ್ತಿಯಾಗಬಲ್ಲದು. ಕಾಸ್ಟಿಂಗ್ ನಿರ್ದೇಶಕರು ಅಪರಿಚಿತರೇ. ಆದ್ದರಿಂದ ಆಯ್ಕೆಯಲ್ಲಿ ಅಪರಿಚಿತರ ಕಣ್ಣು ಬೇಕೆಂದು ನಿರ್ಧರಿಸಿದೆವು.

ಕಲಾವಿದೆಯನ್ನು ಎಂದೂ ಕಾಣದ ಕೆಲವರಿಗೆ ಚಿತ್ರಗಳನ್ನು ತೋರಿಸಿದೆವು, ಮೊದಲು ಪರದೆಯ ಮೇಲೆ ಬರುವ ಸಣ್ಣ ಗಾತ್ರದಲ್ಲಿ, ಆಮೇಲೆ ದೊಡ್ಡದಾಗಿ. ‘ಯಾವುದು ಚೆನ್ನಾಗಿದೆ’ ಎಂದು ಕೇಳಲಿಲ್ಲ. ಆ ಪ್ರಶ್ನೆ ಕೇಳಿದೊಡನೆ ಎಲ್ಲರೂ ನಗುವಿನ ಚಿತ್ರದತ್ತ ಬೆರಳು ತೋರಿಸುತ್ತಾರೆ. ಈಕೆಗೆ ವಯಸ್ಸೆಷ್ಟಿರಬಹುದು, ಏನು ಕೆಲಸ ಮಾಡುತ್ತಿರಬಹುದು, ಈಕೆಯಿಂದ ನಿಮಗೆ ಬೈಗುಳ ಸಿಕ್ಕೀತೇ ಸಾಂತ್ವನ ಸಿಕ್ಕೀತೇ ಎಂದು ಕೇಳಿದೆವು. ಉತ್ತರಗಳು ಒಂದು ಚಿತ್ರದ ಸುತ್ತ ಮತ್ತೆ ಮತ್ತೆ ಒಂದುಗೂಡಿದವು. ಅದರಲ್ಲಿ ಅವರು ಯಾವುದೋ ಪ್ರಶ್ನೆಯನ್ನು ಆಲಿಸುತ್ತಿದ್ದಾರೆ. ತುಟಿ ಮುಚ್ಚಿದೆ, ಹುಬ್ಬು ಒಂದಿಷ್ಟು ಏರಿದೆ, ನಗು ಇನ್ನೂ ಹೊರಟಿಲ್ಲ, ಆದರೆ ಕಣ್ಣಿನಲ್ಲಿ ಬಂದುಬಿಟ್ಟಿದೆ. ನೋಡಿದವರು ವೈದ್ಯೆ ಎಂದರು, ಪ್ರಾಂಶುಪಾಲೆ ಎಂದರು, ‘ಸುಳ್ಳು ಹೇಳಿದರೆ ಕಂಡುಹಿಡಿಯುತ್ತಾರೆ’ ಎಂದರು. ಕಲಾವಿದೆ ಮಾತ್ರ ಈ ಚಿತ್ರವನ್ನು ಮೊದಲ ಸುತ್ತಿನಲ್ಲಿಯೇ ತಳ್ಳಿಹಾಕಿದ್ದರು. ಕಾರಣ ಕೇಳಿದಾಗ, ಒಂದು ಕಣ್ಣಿನ ರೆಪ್ಪೆ ಇನ್ನೊಂದಕ್ಕಿಂತ ಕೆಳಗೆ ಇಳಿದು ಮುಖವೇ ಓರೆಯಾಗಿದೆ ಎಂದರು.

ಆಗ ಚಿತ್ರವನ್ನು ಎಡಬಲ ತಿರುಗಿಸಿ ಅವರ ಮುಂದಿಟ್ಟೆ. ಬೇರೇನನ್ನೂ ಬದಲಿಸಿರಲಿಲ್ಲ. ಅವರು ಪರದೆಯತ್ತ ಬಾಗಿ, ‘ಇದು ಸರಿಯಾಗಿದೆ, ಇದನ್ನು ಮೊದಲೇ ಯಾಕೆ ತೋರಿಸಲಿಲ್ಲ?’ ಎಂದರು. ರೆಪ್ಪೆಯ ಇಳಿತ ಅಷ್ಟೇ ಇತ್ತು. ಅದು ಕನ್ನಡಿಯಲ್ಲಿ ಅವರಿಗೆ ಪರಿಚಿತವಾದ ಬದಿಗೆ ಬಂದಿತ್ತು, ಅಷ್ಟೆ. 1977ರಲ್ಲಿ ಮಿಟಾ, ಡರ್ಮರ್ ಮತ್ತು ನೈಟ್ ಎಂಬ ಸಂಶೋಧಕರು ತೋರಿಸಿಕೊಟ್ಟದ್ದು ಇದನ್ನೇ: ಜನ ತಮ್ಮ ಚಿತ್ರಗಳ ಪೈಕಿ ಕನ್ನಡಿಯ ಪ್ರತಿಬಿಂಬದಂತಿರುವುದನ್ನು ಮೆಚ್ಚುತ್ತಾರೆ, ಅವರ ಆಪ್ತರು ತಿರುಗಿಸದ ಚಿತ್ರವನ್ನು ಮೆಚ್ಚುತ್ತಾರೆ. ಇಬ್ಬರೂ ತಾವು ದಿನವೂ ಕಂಡ ಮುಖವನ್ನೇ ಆರಿಸುತ್ತಾರೆ. ವರ್ಷಗಳು ಕಳೆದಂತೆ ಮುಖದ ಎಡಬಲಗಳ ವ್ಯತ್ಯಾಸ ಹೆಚ್ಚುತ್ತ ಹೋಗುವುದರಿಂದ ಮಧ್ಯವಯಸ್ಸಿನವರಿಗೆ ತಮ್ಮ ಚಿತ್ರ ಇನ್ನಷ್ಟು ಅಪರಿಚಿತವಾಗಿ ಕಾಣುವುದು ಸಹಜ. ತಿರುಗಿಸಿದ ಚಿತ್ರವನ್ನೇ ಕಳುಹಿಸೋಣವೇ ಎಂದು ಅವರು ಕೇಳಿದರು. ಬೈತಲೆ ಮತ್ತು ಕೆನ್ನೆಯ ಮಚ್ಚೆ ಎರಡೂ ತಪ್ಪು ಬದಿಗೆ ಹೋಗುತ್ತವೆ, ಎದುರಿಗೆ ನಿಂತಾಗ ಮತ್ತೆ ಆ ಹಳೆಯ ಅನುಮಾನದ ನೋಟ ಬರುತ್ತದೆ ಎಂದಾಗ ಒಪ್ಪಿಕೊಂಡರು. ತಮಗೆ ಹಿತವಾಗದ ಚಿತ್ರವನ್ನು ಕಾರಣ ತಿಳಿದು ಸ್ವೀಕರಿಸಿದ್ದು ಎರಡನೆಯ ತಿರುವು.

ತಿದ್ದುಪಡಿ

ತಿದ್ದುವ ಮೊದಲು ಚಿತ್ರದಲ್ಲಿ ಕಾಣುವುದನ್ನೆಲ್ಲ ನಾನು ಮೂರು ಬಗೆಯಾಗಿ ನೋಡುತ್ತೇನೆ. ಕೆಲವು ದಿನಗಳಲ್ಲಿ ತಾನಾಗಿ ಮಾಯವಾಗುವಂಥವು: ಮೊಡವೆ, ಕಣ್ಣಿನ ಕೆಂಪು ನರ, ಒಡೆದ ತುಟಿ, ಹಾರಿದ ಕೂದಲೆಳೆ, ಬಟ್ಟೆಯ ಮೇಲಿನ ನಾರು. ಇವನ್ನು ಸಂಕೋಚವಿಲ್ಲದೆ ತೆಗೆಯಬಹುದು. ಬೆಳಕು ಮತ್ತು ಕ್ಯಾಮೆರಾ ತಂದು ಸೇರಿಸಿದಂಥವು: ಹಣೆಯ ಎಣ್ಣೆಹೊಳಪು, ಉಡುಪಿನಿಂದ ಗಲ್ಲಕ್ಕೆ ಬಡಿದ ಬಣ್ಣ, ಕಣ್ಣಿನ ಕೆಳಗೆ ವಾಸ್ತವಕ್ಕಿಂತ ಹೆಚ್ಚಾಗಿ ಬಿದ್ದ ನೆರಳು. ಇವನ್ನು ಎದುರಿಗೆ ನಿಂತಾಗ ಕಾಣುವಷ್ಟರ ಮಟ್ಟಕ್ಕೆ ತಗ್ಗಿಸಬೇಕು. ಮೂರನೆಯದು ಮುಖಕ್ಕೆ ಸೇರಿದ್ದು: ಗೆರೆ, ಮಡಿಕೆ, ಮಚ್ಚೆ, ಗಾಯದ ಗುರುತು, ಮುಖದ ಆಕಾರ. ಕಲಾವಿದೆಯೊಂದಿಗೆ ಚರ್ಚೆ ನಡೆದದ್ದೆಲ್ಲ ಈ ಮೂರನೆಯದರ ಬಗ್ಗೆ.

ಅವರ ಪಟ್ಟಿಯಲ್ಲಿ ಮೊದಲಿಗೆ ಇದ್ದದ್ದು ಕಣ್ಣಂಚಿನಿಂದ ಕೆನ್ನೆಯ ಕಡೆಗೆ ಹರಡಿದ ಗೆರೆಗಳು. ‘ಇವಿಷ್ಟು ಹೋದರೆ ಉಳಿದದ್ದನ್ನೆಲ್ಲ ಒಪ್ಪುತ್ತೇನೆ’ ಎಂದರು. ವಾದಿಸುವ ಬದಲು ಅವರು ಕೇಳಿದಂತೆ ಒಂದು ಪ್ರತಿ ಮಾಡಿ, ತಿದ್ದದ ಪ್ರತಿಯ ಪಕ್ಕದಲ್ಲಿಟ್ಟು, ಒಂದು ಕಾಗದದಿಂದ ಎರಡರಲ್ಲೂ ಮೂಗಿನ ಕೆಳಗಿನ ಭಾಗವನ್ನು ಮುಚ್ಚಿದೆ. ತಿದ್ದದ ಚಿತ್ರದ ಕಣ್ಣುಗಳು ನಗಲು ಹೊರಟಿದ್ದವು. ತಿದ್ದಿದ ಚಿತ್ರದ ಕಣ್ಣುಗಳು ಸುಮ್ಮನೆ ತೆರೆದುಕೊಂಡಿದ್ದವು, ಅಷ್ಟೆ. ಇದಕ್ಕೆ ಶರೀರರಚನೆಯ ಕಾರಣವಿದೆ. ಕಣ್ಣಿನ ಸುತ್ತ ಉಂಗುರದಂತೆ ಹಬ್ಬಿರುವ ಸ್ನಾಯು ಮನಃಪೂರ್ವಕವಾದ ನಗುವಿನಲ್ಲಿ ಸಂಕೋಚಗೊಂಡು ಕೆನ್ನೆಯನ್ನು ಮೇಲೆತ್ತುತ್ತದೆ, ಕಣ್ಣಂಚಿನ ಚರ್ಮವನ್ನು ಮಡಿಸುತ್ತದೆ. ತುಟಿಯನ್ನಷ್ಟೇ ಎಳೆದು ತಂದ ನಗುವಿನಲ್ಲಿ ಅದು ಸಾಮಾನ್ಯವಾಗಿ ಪಾಲುಗೊಳ್ಳುವುದಿಲ್ಲ. ಫ್ರಾನ್ಸಿನ ವೈದ್ಯ ಗೀಯೋಮ್ ದ್ಯುಶೆನ್ 1862ರಷ್ಟು ಹಿಂದೆಯೇ ಈ ವ್ಯತ್ಯಾಸವನ್ನು ಛಾಯಾಚಿತ್ರಗಳ ಮೂಲಕ ವಿವರಿಸಿದ್ದರು. ಆ ಗೆರೆಗಳನ್ನು ಅಳಿಸಿದಾಗ ವಯಸ್ಸಿನ ಜೊತೆಗೆ ಭಾವವೂ ಅಳಿಸಿಹೋಗಿತ್ತು. ಅಭಿನಯವನ್ನೇ ವೃತ್ತಿಯಾಗಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಅವರು ಕಾಗದವನ್ನು ಸರಿಸಿ, ‘ಆ ಎಡಗಡೆಯದನ್ನೇ ಇಡಿ’ ಎಂದರು. ಎಡಗಡೆಯಲ್ಲಿದ್ದದ್ದು ತಿದ್ದದ ಚಿತ್ರ. ಮೂರನೆಯ ತಿರುವಿದು, ಆಮೇಲಿನ ಮಾತುಕತೆ ಹಗುರವಾಯಿತು.

ಕಣ್ಣಿನ ಕೆಳಗಿನ ಚೀಲಗಳ ವಿಷಯದಲ್ಲಿ ನಡುದಾರಿ ಹಿಡಿದೆವು. ಅವು ಮುಖಕ್ಕೆ ಸೇರಿದವೇ. ಆದರೆ ಆ ದಿನದ ದಣಿವೂ ನೆರಳೂ ಅವುಗಳ ಮೇಲೆ ಹೆಚ್ಚುವರಿಯಾಗಿ ಕೂತಿದ್ದವು. ಆಕಾರವನ್ನು ಹಾಗೆಯೇ ಬಿಟ್ಟು, ಕಪ್ಪನ್ನು ಅರ್ಧದಷ್ಟು ತಿಳಿಗೊಳಿಸಿದೆ. ಮೂಗಿನ ಬದಿಯ ಮಡಿಕೆಯನ್ನು ಹಾಗೆಯೇ ಉಳಿಸಿ, ಅದರೊಳಗಿನ ತೀರಾ ಆಳದ ನೆರಳನ್ನು ಮಾತ್ರ ಎತ್ತಿದೆ. ಮಚ್ಚೆಯನ್ನೂ, ಹುಬ್ಬಿನ ನಡುವೆ ಕೂದಲು ಬೆಳೆಯದ ಒಂದು ಹಳೆಯ ಗಾಯದ ಗುರುತನ್ನೂ ಮುಟ್ಟಲಿಲ್ಲ. ಹಲ್ಲನ್ನಾಗಲಿ ಕಣ್ಣಿನ ಬಿಳಿಯನ್ನಾಗಲಿ ಬೆಳ್ಳಗೆ ಮಾಡಲಿಲ್ಲ. ಕಣ್ಣಿನ ಬಿಳಿ ನಿಜಕ್ಕೂ ಪೂರ್ತಿ ಬಿಳಿಯಲ್ಲ, ಅದನ್ನು ಬೆಳಗಿದಷ್ಟೂ ನೋಟ ಗಾಜಿನಂತಾಗುತ್ತದೆ. ಮುಖವನ್ನು ಎಳೆದು ಕಿರಿದುಗೊಳಿಸುವ ಉಪಕರಣವನ್ನು ತೆರೆಯಲೇ ಇಲ್ಲ.

ತಂತ್ರದ ಬಗ್ಗೆ ಒಂದು ಮಾತು. ಚರ್ಮವನ್ನು ಮಸುಕುಗೊಳಿಸಿ ನುಣುಪು ತರುವ ಫಿಲ್ಟರ್‌ಗಳು ರಂಧ್ರಗಳನ್ನೂ ಸಣ್ಣ ರೋಮಗಳನ್ನೂ ಅಳಿಸುತ್ತವೆ, ಮುಖ ಮೇಣದಂತಾಗುವುದು ಇದರಿಂದಲೇ. ಚಿತ್ರವನ್ನು ಬಣ್ಣ ಮತ್ತು ನೆರಳಿನ ಪದರ ಒಂದು, ಚರ್ಮದ ನೇಯ್ಗೆಯ ಪದರ ಇನ್ನೊಂದು ಎಂದು ಬೇರ್ಪಡಿಸಿ ಕೆಲಸ ಮಾಡುವ ಫ್ರೀಕ್ವೆನ್ಸಿ ಸೆಪರೇಷನ್ ಎಂಬ ವಿಧಾನದಲ್ಲಿ ನೇಯ್ಗೆಯನ್ನು ಕೆಡಿಸದೆ ಬಣ್ಣದ ಏರಿಳಿತವನ್ನು ಸಮಮಾಡಬಹುದು. ಆದರೆ ಅದೂ ಕೈ ಮೀರಿದರೆ ಅದೇ ಮೇಣದ ಮುಖವನ್ನೇ ಕೊಡುತ್ತದೆ. ಐವತ್ತರ ಚರ್ಮಕ್ಕೆ ನಾನು ಹೆಚ್ಚಾಗಿ ನಂಬುವುದು ಡಾಡ್ಜ್ ಮತ್ತು ಬರ್ನ್ ವಿಧಾನವನ್ನು, ಅಂದರೆ ಸಣ್ಣ ಕುಂಚದಿಂದ ಅಲ್ಲಲ್ಲಿ ಬೆಳಕನ್ನು ಎತ್ತುವುದು, ಅಲ್ಲಲ್ಲಿ ಇಳಿಸುವುದು. ಇದು ನಿಧಾನದ ಕೆಲಸ, ಆ ನಿಧಾನವೇ ಕೈಯನ್ನು ಹಿಡಿದು ನಿಲ್ಲಿಸುತ್ತದೆ. ಎಲ್ಲ ತಿದ್ದುಪಡಿಗಳನ್ನೂ ಮೂಲ ಚಿತ್ರದ ಮೇಲೆ ಬೇರೆ ಪದರಗಳಲ್ಲಿ ಮಾಡಿ, ಒಂದು ರಾತ್ರಿ ಬಿಟ್ಟು, ಮರುದಿನ ಹೊಸ ಕಣ್ಣಿನಿಂದ ನೋಡಿ, ಪದರಗಳ ತೀವ್ರತೆಯನ್ನು ಮೂರನೇ ಎರಡರಷ್ಟಕ್ಕೆ ತಗ್ಗಿಸಿದೆ. ತಿದ್ದುತ್ತ ಕುಳಿತ ಕಣ್ಣು ತಾನು ಮಾಡಿದ್ದಕ್ಕೆ ಬಲು ಬೇಗ ಒಗ್ಗಿಹೋಗುತ್ತದೆ. ಹಾಗಾಗಿ ಈ ತಗ್ಗಿಸುವಿಕೆ ಪ್ರತಿಸಲವೂ ಬೇಕಾಗುತ್ತದೆ.

ನಡುವೆ ಅವರು ಕೃತಕ ಬುದ್ಧಿಮತ್ತೆಯ ಆ್ಯಪ್ ಒಂದರಿಂದ ಮಾಡಿದ ತಮ್ಮ ಹೆಡ್‌ಶಾಟ್ ಅನ್ನೂ ತಂದು ತೋರಿಸಿದ್ದರು. ಉಡುಪು ಸೊಗಸಾಗಿತ್ತು, ಬೆಳಕು ಸೊಗಸಾಗಿತ್ತು, ಹುಬ್ಬಿನ ಗಾಯದ ಗುರುತು ಇರಲಿಲ್ಲ, ರೆಪ್ಪೆಗಳೆರಡೂ ಸಮನಾಗಿದ್ದವು. ಎಂದೂ ಯಾವ ಕ್ಯಾಮೆರಾದ ಮುಂದೆಯೂ ಕೂರದ ಮುಖ ಅದು. ಅದನ್ನು ಬದಿಗಿಡಲು ಹೆಚ್ಚು ಮಾತು ಬೇಕಾಗಲಿಲ್ಲ.

ಫಲ

ಮೂರು ಚಿತ್ರಗಳೂ ಸಿದ್ಧವಾದ ಮೇಲೆ ಅವರು ಮಾಡಿದ ಮೊದಲ ಕೆಲಸ, ಹಳೆಯವನ್ನು ಎಲ್ಲ ಕಡೆಯಿಂದಲೂ ತೆಗೆಸುವುದು. ಇದು ಅಂದುಕೊಂಡದ್ದಕ್ಕಿಂತ ದೊಡ್ಡ ಕೆಲಸವಾಯಿತು. ಕಾಸ್ಟಿಂಗ್ ಪ್ರೊಫೈಲುಗಳಲ್ಲಿ ಬದಲಿಸಬಹುದಿತ್ತು. ಆದರೆ ಮುಂಚೆ ಕಳುಹಿಸಿದ ಪ್ರತಿಗಳು ಸಂಯೋಜಕರ ಮೊಬೈಲುಗಳಲ್ಲಿ ಉಳಿದು, ತಿಂಗಳುಗಳ ನಂತರವೂ ಎಲ್ಲಿಂದಲೋ ಹೊರಬರುತ್ತಿದ್ದವು. ಹಳೆಯ ಚಿತ್ರ ನೋಡಿ ಬಂದ ಕರೆಗಳಿಗೆ ಅವರು ಹೊಸ ಚಿತ್ರ ಕಳುಹಿಸಿ, ‘ಈಗ ಹೀಗಿದ್ದೇನೆ, ಪಾತ್ರಕ್ಕೆ ಹೊಂದುತ್ತದೆಯೇ ನೋಡಿ’ ಎಂದು ಕೇಳುವುದನ್ನು ರೂಢಿಸಿಕೊಂಡರು. ಹಲವರು ಬೇಡವೆಂದರು. ಅಷ್ಟರ ಮಟ್ಟಿಗೆ ವ್ಯರ್ಥ ಓಡಾಟ ತಪ್ಪಿತು.

ಮೊದಲ ಕೆಲವು ವಾರ ಒಟ್ಟು ಕರೆಗಳು ಇಳಿದವು. ಅವರು ಇದರಿಂದ ಕಳವಳಗೊಂಡು, ನರೆಯ ವಿಷಯದಲ್ಲಿ ದುಡುಕಿದೆನೇನೋ ಎಂದು ಕೇಳಿದ್ದೂ ಉಂಟು. ಸೌಂದರ್ಯ ಸಾಧನಗಳ ಜಾಹೀರಾತಿಗೆ ಅವರನ್ನು ಪರಿಗಣಿಸುತ್ತಿದ್ದ ಒಂದು ಕಡೆಯಿಂದ ಕರೆ ಪೂರ್ತಿ ನಿಂತುಹೋಯಿತು. ಈ ನಷ್ಟವನ್ನು ಇಲ್ಲಿ ಮರೆಮಾಚುವುದು ಸರಿಯಲ್ಲ. ಆಮೇಲೆ ಬರತೊಡಗಿದ ಕರೆಗಳ ಜಾತಿಯೇ ಬೇರೆಯಾಗಿತ್ತು: ಸರ್ಕಾರಿ ಅಧಿಕಾರಿ, ಕುಟುಂಬವೊಂದರ ಹಿರಿಯಕ್ಕ, ತನಿಖೆಯ ನಡುವೆ ಸತ್ಯ ಬಚ್ಚಿಟ್ಟುಕೊಂಡ ಸಾಕ್ಷಿ. ಕೋಣೆಗೆ ಹೋದಾಗ ಯಾರೂ ಪರದೆಯತ್ತ ತಿರುಗಿ ನೋಡಲಿಲ್ಲವೆಂದು, ಎಲ್ಲಕ್ಕಿಂತ ಹೆಚ್ಚು ನೆಮ್ಮದಿ ಕೊಟ್ಟದ್ದು ಅದೇ ಎಂದು ಅವರು ನನಗೆ ಹೇಳಿದರು. ಆ ಕಾಲದಲ್ಲಿ ಅವರಿಗೆ ಸಿಕ್ಕ ಪಾತ್ರಗಳಲ್ಲಿ ಒಂದು ಸಾಕಷ್ಟು ದೊಡ್ಡದು.

ಇದೆಲ್ಲಕ್ಕೂ ಚಿತ್ರವೊಂದೇ ಕಾರಣವೆಂದು ಹೇಳಲಾಗದು. ಅದೇ ಸುಮಾರಿಗೆ ಅವರು ತಮ್ಮ ಅಭಿನಯದ ತುಣುಕುಗಳ ಹೊಸ ವಿಡಿಯೊವನ್ನೂ ಮಾಡಿಸಿದ್ದರು, ಅದರಲ್ಲಿಯೂ ಅವರು ಈಗಿರುವಂತೆಯೇ ಕಾಣುತ್ತಿದ್ದರು. ಚಿತ್ರ, ವಿಡಿಯೊ, ಕೋಣೆಗೆ ಬಂದ ವ್ಯಕ್ತಿ ಮೂರೂ ಒಂದನ್ನೊಂದು ಒಪ್ಪಿಕೊಂಡದ್ದರ ಒಟ್ಟು ಪರಿಣಾಮ ಇದು ಎನ್ನುವುದೇ ಹೆಚ್ಚು ಸರಿಯಾದೀತು.

ಇತರ ಕಲಾವಿದರಿಗೆ ಇದರಲ್ಲಿ ಏನಿದೆ

ಈ ಪ್ರಕರಣದಿಂದ ಮೊದಲು ಎತ್ತಿಕೊಳ್ಳಬೇಕಾದದ್ದು ನಿರ್ಧಾರಗಳ ಕ್ರಮವನ್ನು. ಕೂದಲು ಮತ್ತು ಪಾತ್ರಗಳ ತೀರ್ಮಾನ ಚಿತ್ರೀಕರಣಕ್ಕೆ ಮುಂಚೆ ಆದದ್ದರಿಂದ ಚಿತ್ರೀಕರಣ ಸುಲಭವಾಯಿತು. ಬೆಳಕು, ದೂರ, ಕತ್ತಿನ ಭಂಗಿ ಸರಿಯಿದ್ದದ್ದರಿಂದ ತಿದ್ದುವ ಕೆಲಸ ಕಡಿಮೆಯಾಯಿತು. ಇದನ್ನು ತಲೆಕೆಳಗು ಮಾಡಿ, ಮೊದಲ ಹಂತಗಳ ಹೊಣೆಯನ್ನೆಲ್ಲ ತಿದ್ದುವವರ ಮೇಲೆ ಹೊರಿಸಿದಾಗ, ಗಲ್ಲದ ಅಂಚಿನಲ್ಲಿ ಎರಡು ವಯಸ್ಸುಗಳು ಕಾಣುವ ಚಿತ್ರ ಹುಟ್ಟುತ್ತದೆ. ಒಂದು ಚಿತ್ರದ ದವಡೆಯನ್ನೋ ಮೂಗನ್ನೋ ಎಳೆದು ಸರಿಪಡಿಸದೆ ಗತ್ಯಂತರವಿಲ್ಲ ಎನ್ನಿಸಿದರೆ, ಆ ಚಿತ್ರವನ್ನು ಬಿಟ್ಟು ಇನ್ನೊಂದನ್ನು ಆರಿಸುವುದು ಮೇಲು.

ತಿದ್ದುವವರೊಂದಿಗೆ ಮಾತಾಡುವಾಗ ‘ಸ್ವಲ್ಪ ಫ್ರೆಶ್ ಆಗಿ ಕಾಣಲಿ’ ಎಂಬಂಥ ಮಾತುಗಳನ್ನು ಬಿಟ್ಟು, ಯಾವುದು ಹೋಗಬೇಕು, ಯಾವುದು ತಗ್ಗಬೇಕು, ಯಾವುದನ್ನು ಮುಟ್ಟಕೂಡದು ಎಂದು ಬರೆದುಕೊಡಬೇಕು. ಮುಟ್ಟಕೂಡದವುಗಳ ಪಟ್ಟಿಯನ್ನು ಮೊದಲು ಬರೆಯುವುದು ಒಳ್ಳೆಯದು. ತಿದ್ದದ ಮೂಲ ಪ್ರತಿಯನ್ನು ಕೇಳಿ ಪಡೆದಿಟ್ಟುಕೊಳ್ಳಬೇಕು. ಕೆಲವು ಕಾಸ್ಟಿಂಗ್ ತಂಡಗಳು ಅದನ್ನೂ ಕೇಳುತ್ತವೆ. ಮೊಬೈಲಿನಲ್ಲಿ ಸ್ವಂತ ಆಡಿಷನ್ ಚಿತ್ರೀಕರಿಸಿ ಕಳುಹಿಸುವವರು, ಮುಖವನ್ನು ತಾನಾಗಿ ನುಣುಪಾಗಿಸುವ ಸೌಲಭ್ಯ ಕ್ಯಾಮೆರಾದಲ್ಲಿ ಚಾಲೂ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು, ಏಕೆಂದರೆ ಹಲವು ಮೊಬೈಲುಗಳಲ್ಲಿ ಅದು ಬಳಸುವವರ ಗಮನಕ್ಕೆ ಬಾರದೆಯೇ ಕೆಲಸ ಮಾಡುತ್ತಿರುತ್ತದೆ.

ಹೆಡ್‌ಶಾಟ್ ಎಷ್ಟು ಕಾಲ ನಡೆಯುತ್ತದೆ ಎಂಬ ಪ್ರಶ್ನೆಗೆ ವರ್ಷಗಳ ಲೆಕ್ಕದಲ್ಲಿ ಉತ್ತರವಿಲ್ಲ. ಕೂದಲು, ತೂಕ, ಕನ್ನಡಕ ಇವುಗಳಲ್ಲಿ ಒಂದು ಬದಲಾದರೂ ಚಿತ್ರದ ಆಯಸ್ಸು ಮುಗಿದಂತೆ. ಈ ಕಲಾವಿದೆ ಈಚೆಗೆ ಇಡೀ ದಿನ ಕನ್ನಡಕ ಧರಿಸತೊಡಗಿದ್ದಾರೆ, ನರೆಯೂ ಬೈತಲೆಯಿಂದಾಚೆಗೆ ಹಬ್ಬಿದೆ. ಮುಂದಿನ ಚಿತ್ರೀಕರಣಕ್ಕೆ ದಿನ ಗೊತ್ತುಮಾಡಿಕೊಂಡಿದ್ದಾರೆ. ಕನ್ನಡಕವಿದ್ದದ್ದು ಒಂದು, ಇಲ್ಲದ್ದು ಒಂದು ಇರಬೇಕೇ, ಅಥವಾ ಇದ್ದದ್ದೇ ಸಾಕೇ ಎಂಬ ಚರ್ಚೆ ನಮ್ಮಿಬ್ಬರ ನಡುವೆ ನಡೆಯುತ್ತಿದೆ.